ಗುಬ್ಬಿಯ ತುಟಿಗೆ ಕೂರುವ ಮಾತು

“ಏನ್ ಸಾಹಿತಿಗಳೇ, ಇವತ್ತೂ ಗುಬ್ಬೀನ ಅಳಿಸ್ತೀರಾ?”

ಡಬ್ಬಿಂಗ್ ಕೋಣೆಯ ಗಾಜಿನಾಚೆ ಹೆಡ್‌ಫೋನ್ ಕಿವಿಗೇರಿಸುತ್ತಾ ಅವಳು ಹುಬ್ಬು ಹಾರಿಸಿದಳು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವನನ್ನು ಬೇರೆ ಯಾರಾದರೂ ಸಾಹಿತಿ ಅಂದಿದ್ದರೆ ಅವನು ಜಗಳಕ್ಕೇ ನಿಲ್ಲುತ್ತಿದ್ದ. ಅವಳು ಅಂದರೆ ಕಿವಿ ಬಿಸಿಯಾಗುತ್ತಿತ್ತು, ಅಷ್ಟೇ.

ಗುಬ್ಬಿ ಧಾರಾವಾಹಿಯ ಮನೆಮಗಳು. ವರ್ಷಗಳಿಂದ ಹದಿನಾರು ದಾಟಿಲ್ಲ. ಮುಖ ಕೊಟ್ಟ ಹುಡುಗಿಯರು ಬೆಳೆದರು, ಬಿಟ್ಟುಹೋದರು. ದನಿ ಮಾತ್ರ ಮೊದಲಿನಿಂದಲೂ ಇವಳದೇ, ಮೂವತ್ತರ ಹೊಸ್ತಿಲಲ್ಲಿದ್ದರೂ. ಮಾತು ಬರೆಯುವವನು ಅವನು.

ಇವತ್ತು ಅವನು ನೆಲ ನೋಡಿದ.

ಪರದೆಯ ಮೇಲೆ ಗುಬ್ಬಿಯ ತುಟಿ ಆಡಿತು. ಅವಳು ಹಾಳೆ ಓದಿದಳು. “ಅಮ್ಮಾ, ಅಪ್ಪ ಹೋಗಿದ್ದು ನಾನು ನೋಡ್ದೆ. ಚಪ್ಪಲಿ ಕೈಯಲ್ಲಿ ಹಿಡ್ಕೊಂಡಿದ್ರು. ಕಣ್ಮುಚ್ಚಿ ಸುಮ್ನೆ...”

ಗುಬ್ಬಿಯ ದನಿಯಲ್ಲಿ ಶುರುವಾದದ್ದು ಅವಳ ಸ್ವಂತ ದನಿಯಾಗಿ ನಿಂತುಹೋಯಿತು.

ಕಳೆದ ವಾರ ಅವಳು ಮೆಟ್ಟಿಲ ಮೇಲೆ ಟೀ ಹಿಡಿದು ಅವನೊಬ್ಬನಿಗೇ ಹೇಳಿದ್ದ ಮಾತು ಅದು. ಅಪ್ಪ ಮನೆ ಬಿಟ್ಟು ಹೋದ ರಾತ್ರಿ ಎಚ್ಚರವಿದ್ದೂ ಅಮ್ಮನನ್ನು ಎಬ್ಬಿಸಲಿಲ್ಲ ಎಂದಿದ್ದಳು. ಹೇಳಿ, ಅವನ ತೋಳಿಗೆ ತಲೆ ಆನಿಸಿದ್ದಳು.

“ಯಾಕಮ್ಮ ನಿಲ್ಸಿದೆ?” ಪಕ್ಕದಲ್ಲಿದ್ದ ನಿರ್ದೇಶಕರು ಮೈಕಿನಲ್ಲಿ ಗದರಿದರು. “ಸಂಜೆ ಪ್ರಸಾರ ಇದೆ.”

ಅವನು ಬಾಗಿಲು ತಳ್ಳಿ ಒಳಗೆ ಹೋದ.

“ನಮ್ಮಮ್ಮ ದಿನಾ ನೋಡ್ತಾಳೆ, ಗೊತ್ತಲ್ವಾ ನಿಮಗೆ,” ಅಂದಳು ಮೆಲ್ಲಗೆ.

“ಗೊತ್ತು.”

“ಮತ್ತೆ?”

“ನೀವು ಹೇಳಿದ್ಮೇಲೆ ಬೇರೆ ಮಾತೇ ಹೊಳೀಲಿಲ್ಲ. ತಲೆ ತುಂಬಾ ನಿಮ್ಮ ದನಿನೇ. ನಿಮ್ಮನ್ನ ಇಷ್ಟಪಡ್ತೀನಿ ಅಂತ ಹೇಳೋಕೆ ಧೈರ್ಯ ಇಲ್ದೋನು, ನಿಮ್ಮದನ್ನೇ ಕದ್ದೆ.”

“ಎಂಥಾ ಹೊತ್ತಲ್ಲಿ ಹೇಳ್ತಿದ್ದೀರಾ,” ಅಂದಳು. ಕಣ್ಣು ತುಂಬಿತ್ತು. “ನನ್ನದು ನನಗೆ ವಾಪಸ್ ಕೊಡಿ.”

ತನ್ನ ಕಪಾಳಕ್ಕೆ ತಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬಂತು ಅವನಿಗೆ. ದೃಶ್ಯದ ಚಿತ್ರೀಕರಣ ಮುಗಿದಿತ್ತು. ಮಾತು ಬದಲಿಸಿದರೂ ಅದು ಅದೇ ತುಟಿಗೆ ಕೂರಬೇಕು, ಅದೇ ಅಳುವಿಗೂ ಕೂರಬೇಕು. ಅಂಥ ಮಾತು ಅವನ ಬಳಿ ಒಂದೇ ಒಂದಿತ್ತು. ಹಾಳೆ ಮಗುಚಿ ಬರೆದ.

ಅವಳು ಓದಿದಳು. “ಅಮ್ಮಾ, ಸ್ಕೂಲ್ ಬಿಟ್ಟಿದ್ದು ನಾನು ಹೇಳ್ಲಿಲ್ಲ. ಪುಸ್ತಕ ಕೈಯಲ್ಲಿ ಹಿಡ್ಕೊಂಡಿದ್ದೆ. ಬಸ್‌ಸ್ಟಾಪಲ್ಲಿ ಸುಮ್ನೆ ಕೂತಿದ್ದೆ.”

“ನಿಮ್ಮನ್ನ ಮೇಷ್ಟ್ರು ಓಡಿಸಿದ್ರು ಅಂದಿದ್ರಿ?”

“ನಮ್ಮಮ್ಮಂಗೂ ಅದೇ ಸುಳ್ಳು ಹೇಳಿದ್ದೀನಿ. ಪಾಪ, ಆ ಮೇಷ್ಟ್ರಿಗೆ ಇವತ್ತಿಗೂ ಹಿಡಿಶಾಪ ಹಾಕ್ತಾಳೆ.”

“ನಿಮ್ಮಮ್ಮ ಇದನ್ನ ನೋಡಲ್ವಾ?”

“ಮಗ ಬರೆದಿದ್ದು ಅಂತ ಅಕ್ಕಪಕ್ಕದೋರನ್ನೂ ಕೂರಿಸ್ಕೊಂಡು ನೋಡ್ತಾಳೆ.”

ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಮೈಕಿನತ್ತ ತಿರುಗಿ ಆ ಮಾತು ಹೇಳಿದಳು, ಗುಬ್ಬಿಯ ದನಿಯಲ್ಲಿ, ಒಂದೇ ಟೇಕಿಗೆ.

“ತುಟಿಗೆ ಕೂತಿದೆ,” ಅಂದರು ನಿರ್ದೇಶಕರು. “ಕಥೆಗೆ ಕೂರಲ್ಲ. ಹೋಗ್ಲಿ, ಸತ್ತ ಅತ್ತೆ ಎದ್ದು ಬಂದಾಗ ಯಾರು ಕೇಳಿದ್ರು.”

ಪ್ರಸಾರ ಮುಗಿದಾಗ ಅವನು ಅದೇ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದ. ಅವಳು ಬಂದು ನಿಂತಳು.

“ನಿಮ್ಮತ್ರ ಬಾಯಿ ಬಿಡೋಕೆ ಭಯ ಆಗುತ್ತೆ ಇನ್ಮೇಲೆ.”

“ಮಾತಾಡ್ಬೇಡಿ.”

“ಕೂತ್ಕೊಂಡ್ರೆ ಅದನ್ನೂ ಬರೀತೀರಾ?”

ಅವನು ಇಲ್ಲವೆಂದು ತಲೆಯಾಡಿಸಿದ. ಅವಳು ಒಂದು ಮೆಟ್ಟಿಲು ಬಿಟ್ಟು ಮೇಲೆ ಕೂತಳು.

ಅವನ ಫೋನ್ ರಿಂಗಾಯಿತು. ಅಮ್ಮ. ಅವನ ಕೈ ಏಳಲಿಲ್ಲ. ರಿಂಗಾಗಿ ನಿಂತಿತು, ಮತ್ತೆ ಶುರುವಾಯಿತು.

ಅವಳು ನಡುವಿನ ಮೆಟ್ಟಿಲು ಇಳಿದು ಪಕ್ಕ ಕೂತು, ಅವನ ತೋಳು ಹಿಡಿದಳು.

“ಎತ್ತೋ,” ಅಂದಳು. “ನಾನಿಲ್ಲೇ ಇರ್ತೀನಿ.”