ತಡೆಹಿಡಿದ ಪೋಸ್ಟ್

ಮೊದಲು ಅವಳಿಗೆ ಅದು ಪ್ರೇಮಪತ್ರದ ಹಾಗೇ ಕಂಡಿತು.

ಕನ್ನಡಕದ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಫೋನ್ ತೆಗೆದಿದ್ದಳು. ಹೆಂಗಸರು ಬರೆದ ವಿಜ್ಞಾನ ಕಥೆಗಳನ್ನು ಚರ್ಚಿಸುವ ಆ ಆನ್‌ಲೈನ್ ಗುಂಪಿನಲ್ಲಿ ಯಾರ ಪ್ರಬಂಧವೂ ಸೀದಾ ಪ್ರಕಟವಾಗುವಂತಿಲ್ಲ. ಅಡ್ಮಿನ್ ಓದಿ ಒಪ್ಪಬೇಕು. ಎರಡು ವರ್ಷದಿಂದ ಅಡ್ಮಿನ್ ಅವಳೇ. ಇತರರದ್ದನ್ನು ಒಳಗೆ ಬಿಡುತ್ತಿದ್ದಳೇ ಹೊರತು ತಾನು ಒಂದು ಸಾಲೂ ಹಾಕಿದವಳಲ್ಲ. ಯಾರು ಏನೆನ್ನುತ್ತಾರೋ ಎಂಬ ಅಳುಕು. ಅನಿಸಿದ್ದನ್ನೆಲ್ಲ ಅವನೊಬ್ಬನಿಗೆ ಬರೆದು ಕಳಿಸುತ್ತಿದ್ದಳು.

ಅವನು ಪಶುವೈದ್ಯ. ಗುಂಪಿನವರಿಗೆಲ್ಲ 'ಡಾಕ್ಟ್ರು'. ನಾಲ್ಕು ತಿಂಗಳಿಂದ ಭಾನುವಾರ ಭಾನುವಾರ ಅವಳಿಗೆ ಕಾಫಿಗೆ ಸಿಗುತ್ತಿದ್ದ.

ಅವನ ಪ್ರಬಂಧ ಒಪ್ಪಿಗೆಗೆ ಕಾದಿತ್ತು. 'ನಾನೂರು ವರ್ಷ ಹಾರಿದ ಆಕಾಶನೌಕೆಯಲ್ಲಿ ಕ್ಯಾಪ್ಟನ್‌ಗಳ ಹೆಸರೆಲ್ಲ ಗೋಡೆಯ ಮೇಲಿದೆ. ಗಿಡಗಳಿಗೆ ನೀರು ಹಾಕಿದವಳು ಎಲ್ಲರ ಉಸಿರಲ್ಲಿ ಮಾತ್ರ ಇದ್ದಾಳೆ.'

ಅವಳದೇ ಸಾಲು. ಕಿವಿ ಬಿಸಿಯಾಯಿತು. ಕೊನೆಯಲ್ಲಿ ಇದು ಯಾರದೆಂದು ಹೇಳಿಯೇ ಹೇಳುತ್ತಾನೆ, ಎಲ್ಲರೆದುರು ಹೇಳುತ್ತಾನೆ ಎಂದುಕೊಂಡು ಕೆಳಗೆ ಕೆಳಗೆ ಓದಿದಳು. ಕೊನೆಯಲ್ಲಿ ಇದ್ದದ್ದು 'ಡಾಕ್ಟ್ರು' ಅಂತ, ಅಷ್ಟೇ.

ಭಾನುವಾರ ಅವನು ಕಪ್ಪಿನ ಅಂಚಿನ ಮೇಲಿಂದ ಒಂದು ಹುಬ್ಬೇರಿಸಿ ನೋಡಿದ. ಅವಳನ್ನು ಇಷ್ಟು ದಿನ ಕರಗಿಸಿದ್ದೇ ಆ ನೋಟ.

"ನನ್ನ ಪೋಸ್ಟ್ ಇನ್ನೂ ಬಿಟ್ಟಿಲ್ವಲ್ಲ. ಅಡ್ಮಿನ್ ಮೇಡಂ ಮುನಿಸ್ಕೊಂಡಿದ್ದಾರಾ?"

"ಅದು ನಂದು."

"ಯಾವುದು?"

"ಎಲ್ಲಾ. ನಿನಗೆ ಬರೆದಿದ್ದು."

ಅವನು ನಕ್ಕ. "ನಾವಿಬ್ರೂ ಮಾತಾಡಿದ್ದಲ್ವಾ ಅದು? ನಂದು, ನಿಂದು ಅಂತ ಬೇರೆ ಇದೆಯಾ? ಮದುವೆ ಆದ್ಮೇಲೂ ಹೀಗೇ ಗೆರೆ ಎಳೀತೀಯಾ?"

ಆ ಒಂದು ಮಾತಿಗೆ ಅವಳು ನಾಲ್ಕು ತಿಂಗಳು ಕಾದಿದ್ದಳು. ಬಂತು. ಬಾಯಿ ಮುಚ್ಚಿಸುವುದಕ್ಕೆ ಬಂತು.

"ಹಾಗಾದ್ರೆ ನಂದೂ ಅಂತ ಒಂದು ಸಾಲು ಹಾಕು."

"ಹಾಕ್ಬಹುದಿತ್ತು ಕಣೇ. ಅಲ್ಲಿರೋ ಗಂಡಸು ನಾನೊಬ್ಬ. ಇವನಿಗೂ ಸ್ವಲ್ಪ ತಲೆ ಇದೆ ಅಂತ ತೋರಿಸ್ಕೋಬೇಕಲ್ಲ." ಆಮೇಲೆ ಮೆತ್ತಗೆ, "ನೀನಂತೂ ಹಾಕ್ತಿರ್ಲಿಲ್ಲ. ನಿನಗೆ ಭಯ."

ನಿಜವಾಗಿತ್ತು, ಅದಕ್ಕೇ ಉರಿಯಿತು. ಅವನ ಕಣ್ಣೆದುರೇ ಅವಳು ಪ್ರಬಂಧವನ್ನು ತಿರಸ್ಕರಿಸಿದಳು. ಕಾರಣ ಕೇಳಿದ ಚೌಕದಲ್ಲಿ 'ಬರೆದವರು ಬೇರೆ' ಎಂದು ತುಂಬಿದಳು. ಮನೆಗೆ ಹೋಗಿ ಅವನಿಗೆ ಬರೆದಿದ್ದ ಆ ಪತ್ರವನ್ನು ಗುಂಪಿನಲ್ಲಿ ತನ್ನ ಹೆಸರಲ್ಲೇ ಹಾಕಿದಳು.

ಮರುದಿನ ನಿವೃತ್ತ ಟೀಚರೊಬ್ಬರು ಕೆಳಗೆ ಬರೆದಿದ್ದರು: 'ಚೆನ್ನಾಗಿದೆಯಮ್ಮ. ಥೇಟ್ ನಮ್ಮ ಡಾಕ್ಟ್ರ ಶೈಲಿ. ಅವರ ಹತ್ರ ಕಲಿತಿರಾ?'

ಅವಳು ಅವನ ಹಳೆಯ ಪೋಸ್ಟ್‌ಗಳನ್ನು ತೆಗೆದು ಓದಿದಳು. ಒಂದೊಂದರಲ್ಲೂ ಅವಳ ಒಂದೆರಡು ಸಾಲು. ಪ್ರೀತಿಯ ಭರದಲ್ಲಿ ಅವಳಿಗೆ ಕಂಡೇ ಇರಲಿಲ್ಲ.

ಅವನು ಆನ್‌ಲೈನ್ ಇದ್ದ. 'ಇಲ್ಲ, ನಾನೇ ಅವರಿಂದ ಕಲಿತದ್ದು' ಎಂದು ಅವನು ಬರೆದುಬಿಟ್ಟರೆ ಸಾಕು, ಭಾನುವಾರ ಮತ್ತೆ ಹೋಗಿ ಎದುರು ಕೂರುತ್ತಾಳೆ. ತನ್ನ ಬಗ್ಗೆ ಅಷ್ಟು ಗೊತ್ತಿತ್ತು ಅವಳಿಗೆ; ನಾಚಿಕೆಯೂ ಆಯಿತು. ಗಿರಾಕಿಯೊಬ್ಬರ ಕನ್ನಡಕದ ಸ್ಕ್ರೂ ಬಿಗಿದು ಕೊಟ್ಟು ನೋಡಿದರೆ ಉತ್ತರ ಬಂದಿತ್ತು.

'ಬಹಳ ಬೇಗ ಕಲೀತಾರೆ ಇವರು' ಎಂದು ಬರೆದು, ಪಕ್ಕದಲ್ಲೊಂದು ನಗು ಇಟ್ಟಿದ್ದ.

ಅದರ ಕೆಳಗೆ, ಗುಂಪಿನವರೆಲ್ಲ ಓದುವಲ್ಲಿ, ಅವಳು ಬರೆದಳು: 'ಡಾಕ್ಟ್ರೇ, ಇನ್ನು ಭಾನುವಾರ ಕಾಫಿಗೆ ನಾನು ಬರಲ್ಲ. ಪತ್ರಾನೂ ಬರೆಯಲ್ಲ. ಮುಂದಿನ ಪ್ರಬಂಧಕ್ಕೆ ನೀವೇ ಯೋಚನೆ ಮಾಡಬೇಕಾಗತ್ತೆ.'