ಯೋಚನೆ ಮಾಡ್ತೀನಿ ಅಂದರೆ

ಆ ಬೆಳಿಗ್ಗೆ ಕ್ಯೋತೋದಲ್ಲಿ ಗಾಳಿ ಅನ್ನುವುದೇ ಇರಲಿಲ್ಲ. ಮೂರು ಕಡೆ ಬೆಟ್ಟ, ನಡುವೆ ಊರು. ಮುಚ್ಚಳ ಹಾಕಿದ ಪಾತ್ರೆಯೊಳಗಿನ ಕಡುಬಿನ ಹಾಗೆ ಬೇಯುತ್ತಿತ್ತು. ಏಳು ಗಂಟೆಗೇ ಜೀರುಂಡೆಗಳು ಕಿರುಚಾಟ ಹಚ್ಚಿದ್ದವು. ಬಾಗಿಲ ಮುಂದೆ ಚಿಮುಕಿಸಿದ ನೀರು ನೋಡನೋಡುತ್ತ ಆರಿಹೋಗುತ್ತಿತ್ತು. ಗಲ್ಲಿಯ ಮೂಲೆಯ ಪುಟ್ಟ ಗುಡಿಯಲ್ಲಿ ಜಿಜೋ ದೇವರು, ಕೊರಳಿಗೆ ಕೆಂಪು ಬಟ್ಟೆ ಕಟ್ಟಿಸಿಕೊಂಡು, ಕಣ್ಣು ಮುಚ್ಚಿ ಎಲ್ಲವನ್ನೂ ಸಹಿಸಿಕೊಂಡಿದ್ದ.

ಚಿಗುಸಾಗೆ ಆ ಸಹನೆ ಇರಲಿಲ್ಲ.

ಕುದೋ ಚಿಗುಸಾ ಉತ್ತರದ ಅಕಿತ ಸೀಮೆಯವಳು, ಹಿಮ ಸುರಿಯುವ ಊರಿನ ಹುಡುಗಿ. ಜಪಾನಿಗೆ ಮೊದಲ ಸಲ ಬರುವವರಿಗೆಂದು ಸಣ್ಣ ಪ್ರಕಾಶನವೊಂದು ತರುತ್ತಿದ್ದ ಪುಸ್ತಕಕ್ಕೆ ಬರಹ ಅವಳದು. ನಕ್ಷೆ ಇಮಾನಿಶಿ ಮಿಚಿಹಾರುವಿನದು. ಅವನೋ ಏಳು ತಲೆಮಾರಿನಿಂದ ಕ್ಯೋತೋದ ನೀರು ಕುಡಿದ ಮನೆತನದವನು. ಒಂದು ವರ್ಷ ಇಬ್ಬರೂ ಜೊತೆಯಾಗಿ ನಡೆದಿದ್ದರು: ನಾರಾದ ಜಿಂಕೆಗಳ ನಡುವೆ, ಒಸಾಕದ ಬೀದಿಯಂಗಡಿಗಳ ಎಣ್ಣೆಹೊಗೆಯಲ್ಲಿ, ಕನಜಾವಾದ ಮೀನುಪೇಟೆಯಲ್ಲಿ. ಇವತ್ತು ಕೊನೆಯ ನಡಿಗೆ. ಸಂಜೆ ಹಾಳೆಗಳು ಅಚ್ಚಿಗೆ ಹೋಗಬೇಕು. ನಾಡಿದ್ದು ಅವನು ಮುಂದಿನ ಪುಸ್ತಕಕ್ಕೆಂದು ದೂರದ ಹಕಾತಕ್ಕೆ ಹೊರಡುತ್ತಾನೆ.

ಜೂನಿನಲ್ಲಿ, ಕಾಮೊ ನದಿಯ ದಂಡೆಯಲ್ಲಿ, ಪೆನ್ಸಿಲ್ ಹೆರೆಯುತ್ತ, ಮುಖ ಎತ್ತದೆ ಅವನು ಕೇಳಿದ್ದ: “ಪುಸ್ತಕ ಮುಗಿದ ಮೇಲೂ ನನ್ನ ಜೊತೆ ನಡೀತೀರಾ? ಜೀವನ ಪೂರ್ತಿ?”

ಅವಳ ಕಿವಿ ಕೆಂಪಾಗಿತ್ತು. “ಯೋಚನೆ ಮಾಡ್ತೀನಿ,” ಎಂದಿದ್ದಳು.

ಅವನು ಆಳವಾಗಿ ತಲೆಬಾಗಿ, “ನಿಮಗೆ ತೊಂದರೆ ಕೊಟ್ಟೆ,” ಎಂದಿದ್ದ.

ಅವಳು ನಿಜಕ್ಕೂ ಯೋಚಿಸಿದಳು. ಅಮ್ಮನಿಗೆ ಕಾಗದ ಬರೆದಳು. ಕೆಲಸಕ್ಕೆ ಹೋಗುವ ಮುಂಚೆ ದಿನಾ ದೇವರ ಮುಂದೆ ಊದುಬತ್ತಿ ಹಚ್ಚಿ ಕೂತಳು. ಮದುವೆ ಅಂದರೆ ಹುಡುಗಾಟವೇ? ಹನ್ನೆರಡನೆಯ ದಿನ ಉತ್ತರ ಹಣ್ಣಾಗಿ ಅಂಗೈಗೆ ಬಿತ್ತು. ಆದರೆ ಕೇಳಿದವನು ಮತ್ತೆ ಕೇಳಲೇ ಇಲ್ಲ. ಇವಳಾಗಿ ಬಾಯಿ ತೆರೆದರೆ ನುಣುಚಿಕೊಂಡ. ಐವತ್ತು ದಿನದಿಂದ ಅವನದು ಬರೀ ಮರ್ಯಾದೆ, ಬರೀ ನಮಸ್ಕಾರ. ಗೋಡೆಗೆ ತಲೆ ಚಚ್ಚಿಕೊಂಡರೆ ನೋವಾದರೂ ಆದೀತು. ಇದು ಹತ್ತಿಯ ಗೋಡೆ.

ದೇವಸ್ಥಾನದ ಬಾಗಿಲ ಬಳಿಯ ಕಲ್ಲುತೊಟ್ಟಿಯಲ್ಲಿ ಇಬ್ಬರೂ ಕೈ ತೊಳೆಯುತ್ತಿದ್ದಾಗ ಅವಳು ಇನ್ನೊಮ್ಮೆ ಮಾತು ತೆಗೆದಳು.

“ಇಮಾನಿಶಿ ಅವರೇ, ಜೂನಲ್ಲಿ ನೀವು ಕೇಳಿದ್ದು...”

“ಅಯ್ಯೋ, ಅದನ್ನ ಮನಸ್ಸಲ್ಲಿ ಇಟ್ಕೋಬೇಡಿ, ಕುದೋ ಅವರೇ. ಮೊದಲು ಎಡಗೈ ತೊಳೀಬೇಕು ಅಂತ ಪುಸ್ತಕದಲ್ಲಿ ಹಾಕಿದ್ದೀರಲ್ವಾ?”

“ಹಾಕಿದ್ದೀನಿ!”

ಬಿದಿರಿನ ಸೌಟು ಅವಳ ಕೈಯಲ್ಲಿ ತುಸು ಜೋರಾಗಿಯೇ ತಿರುಗಿತು. ನೀರು ಅವನ ತೋಳಿಗೆ ಹಾರಿತು. ಬೇಕೆಂದು ಮಾಡಿದಳೋ, ಕೈತಪ್ಪಿತೋ, ಆ ದೇವರಿಗೇ ಗೊತ್ತು.

ಅವನು ಒದ್ದೆ ತೋಳು ನೋಡಿದ, ಆಮೇಲೆ ಅವಳನ್ನು ನೋಡಿದ. ರೆಪ್ಪೆ ಬಡಿಯುವಷ್ಟು ಹೊತ್ತು ಮಾತ್ರ. ಆ ನೋಟದಲ್ಲಿ ಊಟದ ಮನೆಯ ಹೊರಗೆ ನಿಂತ ಹಸಿದವನ ಆಸೆಯಿತ್ತು. ಮರುಗಳಿಗೆಗೆ ಅವನು ಕಣ್ಣು ತಗ್ಗಿಸಿ ನಕ್ಷೆ ಬಿಡಿಸಿಕೊಂಡ.

‘ಹೀಗೆ ನೋಡೋದು ಯಾಕೆ, ಹೀಗೆ ಸುಮ್ಮನಿರೋದು ಯಾಕೆ!’ ಅವಳು ಹಲ್ಲು ಕಚ್ಚಿದಳು.

ಮಧ್ಯಾಹ್ನ ಒಂದು ಹಳೆಯ ತೋಫು ಅಂಗಡಿಗೆ ಬಂದರು. ಎಂಬತ್ತು ದಾಟಿದ ತೋಮೆ ಅಜ್ಜಿ ತಣ್ಣಗಿನ ತೋಫುವಿನ ಮೇಲೆ ತುರಿದ ಶುಂಠಿ ಇಟ್ಟು ತಂದಳು. ಬಾಯಲ್ಲಿಟ್ಟರೆ ಇತ್ತೋ ಇಲ್ಲವೋ ಅನ್ನುವಷ್ಟು ಮೆದು. ಚಿಗುಸಾಳ ಸಿಟ್ಟೂ ಒಂದು ಗಳಿಗೆ ಕರಗಿತು.

“ಅಜ್ಜಿ, ನಿಮ್ಮ ಅಂಗಡೀನ ನಮ್ಮ ಪುಸ್ತಕದಲ್ಲಿ ಹಾಕ್ಲಾ? ಎಲ್ಲೆಲ್ಲಿಂದಲೋ ಜನ ಹುಡುಕ್ಕೊಂಡು ಬರ್ತಾರೆ.”

“ಅಯ್ಯೋ, ನಮ್ಮಂಥ ಬಡಪಾಯಿ ಅಂಗಡಿಗೆ ಎಂಥ ಭಾಗ್ಯ ತಾಯಿ!” ಅಜ್ಜಿಯ ಮುಖವೆಲ್ಲ ನಗೆ. “ಯೋಚನೆ ಮಾಡ್ತೀನಿ.”

ಮಿಚಿಹಾರು ಎದ್ದು ತಲೆಬಾಗಿದ. ಹೊರಗೆ ಬಂದವನೇ ರಬ್ಬರ್ ತೆಗೆದು ನಕ್ಷೆಯ ಮೇಲಿದ್ದ ಅಂಗಡಿಯನ್ನು ಅಳಿಸತೊಡಗಿದ.

“ಏನ್ ಮಾಡ್ತಿದ್ದೀರಿ?”

“ಅಜ್ಜಿ ಬೇಡ ಅಂದ್ರಲ್ಲ.”

“ಯಾವಾಗ ಅಂದ್ರು? ಯೋಚನೆ ಮಾಡ್ತೀನಿ ಅಂದ್ರು. ನನ್ನ ಕಿವಿ ನೆಟ್ಟಗಿದೆ!”

“ಅದೇ. ಹಾಗಂದ್ರೆ ಬೇಡ ಅಂತ.” ಮಗುವಿಗೆ ಅಕ್ಷರ ಹೇಳಿಕೊಡುವವನ ಹಾಗೆ ಮೆಲ್ಲಗೆ ಹೇಳಿದ. “ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋಕಾಗಲ್ವಲ್ಲ. ಕೇಳಿದವರು ಅರ್ಥ ಮಾಡ್ಕೊಂಡು ಸುಮ್ಮನಾಗ್ಬೇಕು. ಮತ್ತೆ ಕೇಳಿ ಅವರನ್ನ ಮುಜುಗರಕ್ಕೆ ಸಿಕ್ಕಿಸಬಾರದು.”

“ಯಾರು ಅಂದ್ರೂ ಹಾಗೇನಾ?”

“ಇಲ್ಲಿ ಯಾರು ಅಂದ್ರೂ...”

ರಬ್ಬರ್ ನಿಂತಿತು. ಜೀರುಂಡೆಗಳು ಮಾತ್ರ ನಿಲ್ಲಲಿಲ್ಲ.

ಚಿಗುಸಾಳ ಒಳಗೆ ಐವತ್ತು ದಿನದಿಂದ ಕುದಿಯುತ್ತಿದ್ದದ್ದು ಉಕ್ಕಿ ಹೊರಬಂತು. “ನಮ್ಮ ಅಕಿತದಲ್ಲಿ ಯೋಚನೆ ಮಾಡ್ತೀನಿ ಅಂದ್ರೆ ಯೋಚನೆ ಮಾಡ್ತೀನಿ ಅಂತ! ಬೇಡ ಅನ್ನೋಕೆ ಬೇಡ ಅಂತೀವಿ! ಐವತ್ತು ದಿನ ನಾನು ನಿಮ್ಮ ಬೆನ್ನು ನೋಡ್ಕೊಂಡು ನಡೆದೆ. ಇವನಿಗೆ ಮನಸ್ಸು ತಿರುಗಿತೇನೋ, ನಾನೇನು ತಪ್ಪು ಮಾಡಿದೆನೋ ಅಂತ!”

ಅವನ ಮುಖ ಬಿಳುಚಿತು. “ಯಾಕೆ ಹೇಳ್ಲಿಲ್ಲ?”

“ನೀವು ಬಾಯಿ ಬಿಡೋಕೆ ಬಿಟ್ರಾ? ‘ಮನಸ್ಸಲ್ಲಿ ಇಟ್ಕೋಬೇಡಿ, ಎಡಗೈ ತೊಳ್ಕೊಳ್ಳಿ!’”

“ಬಾಯಾರೆ ಬೇಡ ಅನ್ನೋ ಕಷ್ಟ ನಿಮಗೆ ಕೊಡಬಾರದು ಅಂತ...”

“ಆ ಕಷ್ಟ ತಪ್ಪಿಸಿ ಅಂತ ನಿಮಗೆ ಹರಕೆ ಹೊತ್ತಿದ್ನಾ?”

ಅಂಗಡಿಯ ಪರದೆ ಸರಿಯಿತು. ತೋಮೆ ಅಜ್ಜಿ ಇಣುಕಿ, “ಆಹಾ, ಪ್ರಾಯದವರ ದನಿ ಎಷ್ಟು ಗಟ್ಟಿ! ಕೇಳೋಕೆ ಹಿತವಾಗಿದೆ,” ಎಂದಳು.

“ಥ್ಯಾಂಕ್ಸ್, ಅಜ್ಜಿ.”

“ಅದು ಹೊಗಳಿಕೆ ಅಲ್ಲ,” ಅವನು ಪಿಸುಗುಟ್ಟಿದ. “ಬಾಯಿ ಮುಚ್ಚಿ ಅಂತ.”

ಅವಳಿಗೆ ನಗುವೂ ಬಂತು, ಅಳುವೂ ಬಂತು. ಇಬ್ಬರೂ ಗೋಡೆಯ ಅಂಚಿನ ಗೇಣಗಲ ನೆರಳಿಗೆ ಸರಿದು ನಿಂತರು. ತೋಳಿಗೆ ತೋಳು ತಾಗಿತು; ಈ ಸಲ ಅವನು ದೂರ ಸರಿಯಲಿಲ್ಲ.

“ನಾಡಿದ್ದು ನಾನು ಹಕಾತದಲ್ಲಿ,” ಎಂದ. “ನಾಲ್ಕು ತಿಂಗಳು. ನೀವು ಬೇಡ ಅಂದಿರಿ ಅಂತಲೇ ಕೇಳಿ ಹಾಕಿಸ್ಕೊಂಡ ಕೆಲಸ.”

“ಹೋಗಿ ಬನ್ನಿ. ಅಲ್ಲಿ ಯೋಚನೆ ಮಾಡ್ತೀನಿ ಅಂದ್ರೆ ಏನರ್ಥ ಅಂತ ಮೊದಲ ದಿನವೇ ವಿಚಾರಿಸ್ಕೊಳ್ಳಿ.”

ಅವನು ನಗಲು ನೋಡಿದ, ಆಗಲಿಲ್ಲ. ಬೆವರು ಒರೆಸಿಕೊಂಡು, ಮೊದಲ ಬಾರಿಗೆ ಮುಖ ಎತ್ತಿ, ಅವಳ ಕಣ್ಣಿನಲ್ಲೇ ಕಣ್ಣಿಟ್ಟು ಕೇಳಿದ. “ಹಾಗಾದ್ರೆ... ಯೋಚನೆ ಮಾಡಿದ್ರಾ, ಚಿಗುಸಾ ಅವರೇ?”

ಒಂದು ವರ್ಷದಲ್ಲಿ ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

“ಹನ್ನೊಂದು ದಿನ ಮಾಡಿದೆ.”

“ಆಮೇಲೆ?”

ಹೇಳಬೇಕೆಂದು ಅವಳು ಜೋಡಿಸಿಟ್ಟುಕೊಂಡ ಚಂದದ ಮಾತುಗಳು ಎಷ್ಟಿದ್ದವೋ! ಒಂದೂ ನೆನಪಿಗೆ ಬರಲಿಲ್ಲ. ಇಷ್ಟು ದಿನ ತನ್ನಲ್ಲೇ ಉಳಿದುಹೋದ ಅವನ ಸೊತ್ತನ್ನು ಅವನಿಗೆ ಒಪ್ಪಿಸುವವಳ ಹಾಗೆ, ಅಜ್ಜಿಗೂ ಕೇಳಿಸದಷ್ಟು ಮೆಲ್ಲಗೆ, ಅವಳು ತನ್ನ ಅಮ್ಮನ ಭಾಷೆಯಲ್ಲಿ ಹೇಳಿದಳು:

“ನ್ದಾ.”

ಹೌದು, ಅಂತ. ಅಕಿತದಲ್ಲಿ ಆ ಮಾತಿಗೆ ಎರಡನೆಯ ಅರ್ಥವಿಲ್ಲ.