ಹೊಳೆ ದಾಟಿದ ಕುಡಿಕೆ

"ಆ ಕುಡಿಕೆಯನ್ನು ಹೊಳೆ ದಾಟಿಸಬೇಡ ಮಗಳೇ," ಎಂದರು ಖತೀಜಮ್ಮ. "ಇಲ್ಲೇ ಮರಳಿನಲ್ಲಿ ಇಟ್ಟುಬಿಡು. ತಿರುಗಿ ನೋಡದೆ ಹೋಗು."

ಸ್ನೇಹಲತಾಳಿಗೆ ನಗು ಬಂತು. ಉಳ್ಳಾಲದ ಕಡವಿನಲ್ಲಿ ಇಬ್ಬರೂ ಜೋಡುದೋಣಿಯನ್ನು ಕಾಯುತ್ತ ನಿಂತಿದ್ದರು. ೧೯೫೮ನೇ ಇಸವಿ, ಆ ಕಡೆ ನೇತ್ರಾವತಿಗೆ ಇನ್ನೂ ರಸ್ತೆಯ ಸೇತುವೆ ಆಗಿರಲಿಲ್ಲ. ಎರಡು ದೊಡ್ಡ ದೋಣಿಗಳನ್ನು ಕಟ್ಟಿ, ಮೇಲೆ ಹಲಗೆ ಹಾಸಿ, ಅದರ ಮೇಲೆ ಕಾರುಗಳನ್ನು ದಾಟಿಸುತ್ತಿದ್ದರು. ಖತೀಜಮ್ಮ ಬಂದರಿನ ಜವಳಿ ವ್ಯಾಪಾರಿ ಮೊಯ್ದೀನಬ್ಬನವರ ತಾಯಿ. ದರ್ಗಾಕ್ಕೆ ಹೋಗಿ ಮರಳುತ್ತಿದ್ದ ಮುದುಕಿ ಬಿಸಿಲು ತಾಳದೆ ಸ್ನೇಹಲತಾಳ ಕಾರಿನ ನೆರಳಿಗೆ ಬಂದಿದ್ದರು. ಎರಡು ಮಾತಾಡಿ ಪರಿಚಯವೂ ಆಗಿತ್ತು. ಆಮೇಲೆ ಕಿಟಕಿಯೊಳಗೆ ಕಣ್ಣು ಹಾಯಿಸಿ, ಮುಂದಿನ ಸೀಟಿನ ಮೇಲಿದ್ದ ಮಣ್ಣಿನ ಕುಡಿಕೆಯನ್ನು ಕಂಡದ್ದೇ ಬಿಸಿಲಿಗೆ ಸರಿದು ನಿಂತರು.

"ಅದು ಎಣ್ಣೆ ಅಮ್ಮಾ. ನಮ್ಮವರ ಅಕ್ಕನಿಗೆ ಮೈಗೆ ಹಚ್ಚಲಿಕ್ಕೆ."

"ಎಣ್ಣೆಯ ಬಾಯಿಗೆ ಕರಿ ಬಟ್ಟೆ ಯಾಕೆ? ಆ ಕೆಂಪು ನೂಲಿನಲ್ಲಿ ಕೂದಲು ಹೊಸೆದದ್ದು ಉಂಟು, ನೋಡಿದ್ದೀಯಾ?"

"ಎಣ್ಣೆ ಕೊಟ್ಟ ವೈದ್ಯರದ್ದು ಉದುರಿರಬೇಕು. ಅವರ ತಲೆಯಲ್ಲಿ ಉಳಿದದ್ದೇ ಸ್ವಲ್ಪ."

ಖತೀಜಮ್ಮ ನಗಲಿಲ್ಲ. "ನಮ್ಮ ಮನೆಗೂ ಒಂದು ಬಂದಿತ್ತು. ನನ್ನ ದೊಡ್ಡ ಮಗ ಕೈಯಲ್ಲಿ ತೆಗೆದುಕೊಂಡ." ಅಷ್ಟು ಹೇಳಿ ಬುರ್ಖಾದ ಅಂಚನ್ನು ಬಾಯಿಗೆ ಒತ್ತಿಕೊಂಡರು. ಆ ಅಂಚಿನೊಳಗಿನಿಂದಲೇ ಕೇಳಿದರು: "ನಿನಗೆ ತರಲಿಕ್ಕೆ ಹೇಳಿದ್ದು ಯಾರು?"

"ನನ್ನ ಗಂಡ."

ಮುದುಕಿ ಮುಖ ತಿರುಗಿಸಿ ನೀರನ್ನೇ ನೋಡುತ್ತ ನಿಂತರು. ಜೋಡುದೋಣಿ ದಡಕ್ಕೆ ತಾಗಿತು. ಸ್ನೇಹಲತಾ ಇನ್ನೂ ನಗುತ್ತಲೇ ಕಾರನ್ನು ಹಲಗೆಯ ಮೇಲೆ ಹತ್ತಿಸಿದಳು.

ಅವಳು ಮುಂಬಯಿಯಲ್ಲಿ ಹುಟ್ಟಿ ಬೆಳೆದವಳು. ಮಾಟುಂಗದಲ್ಲಿ ಅಪ್ಪನಿಗೆ ಹೋಟೆಲು ಇತ್ತು. ಕಾಲೇಜು ಓದಿದ್ದಳು, ಕಾರು ಕಲಿತಿದ್ದಳು, ದೆವ್ವದ ಸುದ್ದಿ ಎತ್ತಿದವರನ್ನು ಗೋಳುಹೊಯ್ದುಕೊಳ್ಳುತ್ತಿದ್ದಳು. ಕದ್ರಿಯ ಚಿತ್ತರಂಜನನನ್ನು ಮದುವೆಯಾಗಿ ಮಂಗಳೂರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಂದ ಹೊಸತರಲ್ಲಿ ಮನೆಯೊಳಗೆ ಕುಳಿತು ಕುಳಿತು ಅವಳ ಮುಖ ಬಾಡುವುದನ್ನು ಕಂಡ ಗಂಡ ಒಂದು ಭಾನುವಾರ ತನ್ನ ಆಸ್ಟಿನ್ ಕಾರಿನ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟು, "ಎಲ್ಲಿಗಾದರೂ ಹೋಗಿ ಬಾ ಮಾರಾಯ್ತಿ. ಒಬ್ಬಳೇ ಹೋಗು. ನಾನು ಜತೆಗಿದ್ದರೆ ನಿನಗೆ ಊರು ಕಾಣುವುದಿಲ್ಲ," ಎಂದಿದ್ದ.

ಯಾವ ಗಂಡ ಹಾಗೆ ಹೇಳುತ್ತಾನೆ? ನೆರೆಯವರು ಮೂಗಿನ ಮೇಲೆ ಬೆರಳಿಟ್ಟರು. ಅತ್ತೆಯಾದರೂ ತಡೆದಾರು ಎಂದುಕೊಂಡರೆ ಅವರೇ ಬುತ್ತಿ ಕಟ್ಟಿಕೊಟ್ಟರು. ಸ್ನೇಹಲತಾ ಮೂಲ್ಕಿಗೆ ಹೋದಳು. ಕಾಪುವಿನ ದೀಪಸ್ತಂಭದ ಬಂಡೆ ಹತ್ತಿ ಸೆರಗು ಹಾರಿಸುತ್ತ ಕುಳಿತಳು. ಬಂಟ್ವಾಳದ ಪೇಟೆಯಲ್ಲಿ, ಹೆಂಗಸೊಬ್ಬಳು ಸ್ಟೇರಿಂಗ್ ಹಿಡಿದದ್ದನ್ನು ನೋಡಲು ಅಂಗಡಿ ಬಿಟ್ಟು ಬಂದವರ ಕೈಯಲ್ಲೇ ಕಾರು ತಳ್ಳಿಸಿಕೊಂಡಳು. ಪ್ರತಿ ಶನಿವಾರ ಸಂಜೆ ಚಿತ್ತರಂಜನ ತಾನೇ ಪೆಟ್ರೋಲು ತುಂಬಿಸಿ, ಗಾಜು ಒರೆಸಿ ಇಡುತ್ತಿದ್ದ. ಅವಳು ಹೊರಡುವ ಮುಂಚೆ ತಪ್ಪದೆ ಒಂದು ಮಾತು ಕೇಳುತ್ತಿದ್ದ: "ನಿನಗೆ ಇಷ್ಟ ಉಂಟಲ್ಲ? ನಾನು ಹೇಳಿದೆ ಅಂತ ಹೋಗುವುದಲ್ಲ ತಾನೇ?" ಅದನ್ನು ಅವಳು ಪ್ರೀತಿಯೆಂದೇ ತಿಳಿದಿದ್ದಳು.

ಆ ಮನೆಯಲ್ಲಿ ಒಂದೇ ಒಂದು ಕತ್ತಲೆಯ ಮೂಲೆಯಿತ್ತು. ಗಂಡನ ಅಕ್ಕ ಕುಶಲಾ ಮಲಗಿರುವ ಕೋಣೆ. ತಮ್ಮನ ಮದುವೆಗೆ ಮುಂಚಿನಿಂದಲೂ ಹಾಸಿಗೆ ಹಿಡಿದವಳು. ಸೊಂಟದ ಕೆಳಗೆ ಸ್ವಾಧೀನವಿಲ್ಲ, ಉಗುರುಗಳು ಇದ್ದಿಲಿನಂತೆ ಕಪ್ಪು, ತಲೆದಿಂಬಿನ ತುಂಬ ಕೂದಲು. ಡಾಕ್ಟರುಗಳು ಬಂದರು, ಸೂಜಿ ಚುಚ್ಚಿದರು, ತಲೆಯಾಡಿಸಿ ಹೋದರು. ಎಷ್ಟು ತೊಳೆದರೂ ಆ ಕೋಣೆಯಿಂದ ಸುಟ್ಟ ಕೂದಲಿನ ವಾಸನೆ ಹೋಗುತ್ತಿರಲಿಲ್ಲ. ಆದರೂ ಸ್ನೇಹಲತಾ ಭಾನುವಾರ ಸಂಜೆ ಬಂದವಳೇ ಅವಳ ಮಗ್ಗುಲಲ್ಲಿ ಕುಳಿತು ಕಂಡದ್ದನ್ನೆಲ್ಲ ಹೇಳುತ್ತಿದ್ದಳು. ಯಾವ ತಿರುವಿನಲ್ಲಿ ಕಡಲು ಕಂಡಿತು, ಯಾವ ಹೋಟೆಲಿನ ಗೋಳಿಬಜೆ ಹಳಸಿತ್ತು. ಕುಶಲಾ ಕಣ್ಣು ಮುಚ್ಚಿ ಕೇಳುವಳು. "ಇವತ್ತು ತುಂಬ ದೂರ ಹೋದೆವಲ್ಲ, ಸ್ನೇಹಾ," ಎಂದು ನಗುವಳು. ಅಕ್ಕನ ಆ ನಗುವಿಗಾಗಿಯೇ, ತೆಂಕುಪಾಡಿಯ ವೈದ್ಯರಿಂದ ಎಣ್ಣೆ ತರುವೆಯಾ ಎಂದು ಗಂಡ ಕೇಳಿದಾಗ ಅವಳು ಹಿಂದೆಮುಂದೆ ನೋಡದೆ ಹೂಂ ಎಂದಿದ್ದಳು.

ತೆಂಕುಪಾಡಿ ಕಡಲಂಚಿನ ಸಣ್ಣ ಊರು. ವೈದ್ಯರ ಮನೆ ಊರಿಗಿಂತ ಆಚೆ, ತಾಳೆಮರಗಳ ನಡುವೆ. ಅಂಗಳದಲ್ಲಿ ನಾಯಿ ಇತ್ತು. ಅವಳನ್ನು ಕಂಡು ಬೊಗಳದೆ ಬಾಲ ಮುದುಡಿ ಎದ್ದು ಹೋಯಿತು. ಮುದುಕ ಹೊಸ್ತಿಲಲ್ಲೇ ನಿಂತು ಕೇಳಿದ: "ಒಬ್ಬರೇ ಬಂದದ್ದಾ?"

"ಹೌದು."

"ಯಾರೂ ಒತ್ತಾಯ ಮಾಡಲಿಲ್ಲ?"

"ನನಗೆ ಕಾರಿನಲ್ಲಿ ತಿರುಗುವುದು ಅಂದ್ರೆ ಇಷ್ಟ."

"ಇಷ್ಟಪಟ್ಟು ಬಂದದ್ದು," ಎಂದು ಅವನು ಒಳಗಿನ ಕತ್ತಲೆಯ ಕಡೆಗೆ ತಿರುಗಿ ಹೇಳಿದ, ಅಲ್ಲಿ ಕುಳಿತ ಯಾರಿಗೋ ಹೇಳುವಂತೆ. ಕುಡಿಕೆಯನ್ನು ಅವನು ಮುಟ್ಟಲಿಲ್ಲ. ಜಗಲಿಯ ಮೂಲೆಯತ್ತ ಗಲ್ಲ ಚಾಚಿ ತೋರಿಸಿದ, ಅಷ್ಟೆ. ಅವಳೇ ಎತ್ತಿಕೊಂಡಳು. ಬಿಸಿಲಿಗೆ ಇಟ್ಟದ್ದಲ್ಲ, ಆದರೂ ಬೆಚ್ಚಗಿತ್ತು.

ಈಗ ನಡುಹೊಳೆಯಲ್ಲಿ ಅವಳಿಗೆ ಆ ವಾಸನೆ ಬಂತು. ಸುಟ್ಟ ಕೂದಲು. ಅಕ್ಕನ ಕೋಣೆಯದ್ದೇ ವಾಸನೆ, ಹೊಳೆಯ ಗಾಳಿಯ ಮಧ್ಯೆ. ಕಾರಿನೊಳಗೆ ಏನೋ ಉಸಿರಾಡುತ್ತಿತ್ತು, ಬಾಯಿ ಕಟ್ಟಿದವರು ಮೂಗಿನಿಂದ ಉಸಿರು ಎಳೆಯುವ ಹಾಗೆ. ಜಲ್ಲೆ ಊರುತ್ತಿದ್ದ ದೋಣಿಯವರು ಹಾಡು ನಿಲ್ಲಿಸಿದರು. ಸ್ನೇಹಲತಾಳ ನಗು ಅಲ್ಲಿಗೆ ನಿಂತಿತು. ಬಾಗಿಲು ತೆರೆದು, ಎಡಗೈಯಿಂದ ಕುಡಿಕೆಯನ್ನು ಎತ್ತಿಕೊಂಡು ದೋಣಿಯ ಅಂಚಿಗೆ ಬಂದು, ತೋಳು ಬೀಸಿ ಎಸೆದಳು.

ತೋಳು ಬೀಸಿತು. ಬೆರಳು ಬಿಡಲಿಲ್ಲ.

ಇನ್ನೊಮ್ಮೆ ಬೀಸಿದಳು. ಬಲಗೈಯಿಂದ ಒಂದೊಂದೇ ಬೆರಳನ್ನು ಎಬ್ಬಿಸಲು ನೋಡಿದಳು. ಬೆರಳುಗಳು ಅವಳವೇ, ಆದರೆ ಅವಳ ಮಾತು ಕೇಳುತ್ತಿರಲಿಲ್ಲ. ಹೆಬ್ಬೆರಳಿನ ಉಗುರಿನ ಬುಡದಲ್ಲಿ ಶಾಯಿಯಂಥ ಕಪ್ಪು ಏರುತ್ತಿತ್ತು.

"ಅರ್ಧ ಹೊಳೆ ದಾಟಿತು," ಎಂದರು ಖತೀಜಮ್ಮ, ದೂರದಿಂದಲೇ. "ಇನ್ನು ಅದು ನೀರಿಗೂ ಇಳಿಯುವುದಿಲ್ಲ, ನೆಲಕ್ಕೂ ಇಳಿಯುವುದಿಲ್ಲ. ಕೈಯಿಂದ ಕೈಗೆ ಮಾತ್ರ. ಅದೂ ನಿನ್ನ ಮನೆಯವರೇ ಆಗಬೇಕು. ಮನಸ್ಸಿಟ್ಟು ಹಿಡಿಯಬೇಕು."

"ಹಿಡಿದವರಿಗೆ ಎಂತ ಆಗ್ತದೆ?"

ಖತೀಜಮ್ಮ ಮತ್ತೆ ಬುರ್ಖಾದ ಅಂಚನ್ನು ಬಾಯಿಗೆ ಒತ್ತಿಕೊಂಡರು.

"ನಮ್ಮವರು ಹಿಡ್ಕೊಳ್ತಾರೆ," ಎಂದಳು ಸ್ನೇಹಲತಾ. "ಒಂದು ಕ್ಷಣ ಹಿಡಿದರೆ ಸಾಕು. ಆಮೇಲೆ ಇಬ್ಬರೂ ಸೇರಿ ಎಂತಾದರೂ ಮಾಡ್ತೇವೆ." ಹೇಳುವಾಗ ಅವಳ ಧ್ವನಿಯಲ್ಲಿ ಅನುಮಾನ ಇರಲಿಲ್ಲ. ಮುದುಕಿಯ ಕಣ್ಣಲ್ಲಿ ನೀರು ಯಾಕೆ ಬಂತು ಎಂದು ಅವಳಿಗೆ ಆಗ ತಿಳಿಯಲೂ ಇಲ್ಲ.

ದಡಕ್ಕೆ ತಾಗಿದ ಮೇಲೆ ಕಾರು ಬೋಳಾರದ ಓಣಿಗೆ ಹತ್ತಿತು. ಎಡಗೈಯಲ್ಲಿ ಕುಡಿಕೆ. ಗೇರು ಬದಲಾಯಿಸಲು ಕೈಯಿಲ್ಲ. ಎರಡನೇ ಗೇರಿನಲ್ಲೇ ಇಂಜಿನು ಒದರುತ್ತ ಹೋಯಿತು. ಮಂಗಳಾದೇವಿಯ ಗುಡಿಯ ಮುಂದೆ ಹೂವು ಮಾರುವವರು ಮೂಗು ಮುಚ್ಚಿಕೊಂಡು ದಾರಿ ಬಿಟ್ಟರು. ಹೊತ್ತು ಇಳಿಯುತ್ತಿತ್ತು. ಕುಡಿಕೆ ಭಾರವಾಯಿತು. ಮಗುವಿನಷ್ಟು ಭಾರ. ಹಿಂದಿನ ಸೀಟಿನ ಸ್ಪ್ರಿಂಗು ಕಿರುಗುಟ್ಟಿತು, ಯಾರೋ ಸರಿದು ಕುಳಿತಂತೆ. ಕನ್ನಡಿ ನೋಡಬಾರದು. ನೋಡಲಿಲ್ಲ. ಕುತ್ತಿಗೆಯ ಹಿಂದೆ ಉಸಿರು ತಾಗಿತು. ಬಿಸಿ ಉಸಿರು. ಕಾಲುಗಳು ಮರಗಟ್ಟುತ್ತ ಬಂದವು. ಕ್ಲಚ್ಚು ತುಳಿದದ್ದು ತಿಳಿಯಲಿಲ್ಲ. ಬ್ರೇಕು ತುಳಿದದ್ದು ತಿಳಿಯಲಿಲ್ಲ. ಕದ್ರಿಯ ಏರು. ಇನ್ನೊಂದು ತಿರುವು. ಇನ್ನೊಂದೇ. ಗೇಟಿನ ಹತ್ತಿರ ಗಂಡ ನಿಂತದ್ದು ಕಂಡಿತು. ಅವಳಿಗೆ ಅಳು ಉಕ್ಕಿ ಬಂತು, ನೆಮ್ಮದಿಯ ಅಳು.

ಅತ್ತೆ ತುಳಸಿಕಟ್ಟೆಗೆ ದೀಪ ಇಟ್ಟು ಬಂದು ಮಗನ ಹಿಂದೆ ನಿಂತಿದ್ದರು. ಸ್ನೇಹಲತಾ ಬಾಗಿಲು ಹಿಡಿದುಕೊಂಡು ಇಳಿದಳು. ಕಾಲು ಎಳೆಯುತ್ತ ಎರಡು ಹೆಜ್ಜೆ ಬಂದು ಎಡಗೈ ಚಾಚಿದಳು.

"ಇದನ್ನು ಹಿಡ್ಕೊಳ್ಳಿ. ಕೈ ಬಿಡ್ತಾ ಇಲ್ಲ."

ಚಿತ್ತರಂಜನ ಅವಳ ಮುಖ ನೋಡಲಿಲ್ಲ. ಅವನ ಕಣ್ಣು ಕುಡಿಕೆಯ ಮೇಲೇ ಇತ್ತು. "ಒಳಗೆ ತೆಗೊಂಡು ಹೋಗು ಸ್ನೇಹಾ. ಅಕ್ಕನ ಕೋಣೆಗೆ."

"ನನಗೆ ಆಗುವುದಿಲ್ಲ. ಒಂದು ಕ್ಷಣ ಹಿಡೀರಿ, ನಿಮ್ಮ ದಮ್ಮಯ್ಯ."

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡ. ಮತ್ತೆ ಒಂದು ಹೆಜ್ಜೆ ಹಿಂದೆ ಸರಿದ.

ಅವಳಿಗೆ ಆ ಒಂದು ಹೆಜ್ಜೆ ಸಾಕಾಯಿತು. ಪೆಟ್ರೋಲು, ಒರೆಸಿಟ್ಟ ಗಾಜು, ಬುತ್ತಿ, "ನಿನಗೆ ಇಷ್ಟ ಉಂಟಲ್ಲ" ಎಂಬ ಮಾತು, ಎಲ್ಲವೂ ಸಾಲಾಗಿ ಬಂದು ಎದುರು ನಿಂತವು.

"ನಿಮಗೆ ಗೊತ್ತಿತ್ತು," ಎಂದಳು.

"ನಮ್ಮದು ಅಳಿಯಸಂತಾನದ ಮನೆ, ಹೆಣ್ಣಿನಿಂದಲೇ ವಂಶ," ಎಂದ ಅವನು, ನೆಲ ನೋಡುತ್ತ. "ಅಕ್ಕನಿಗೆ ಮಕ್ಕಳಾದರೆ ಮನೆ ಉಂಟು, ಇಲ್ಲದಿದ್ದರೆ ಇಲ್ಲ. ಮಾಟವನ್ನು ತೆಗೀಲಿಕ್ಕೆ ಆಗುವುದಿಲ್ಲ, ದಾಟಿಸಲಿಕ್ಕೆ ಮಾತ್ರ ಆಗ್ತದೆ ಅಂದ್ರು ವೈದ್ಯರು. ಮನೆಗೆ ಬಂದವಳಾಗಬೇಕು, ನಮ್ಮ ರಕ್ತದವಳಾಗಬಾರದು. ಅವಳೇ ಇಷ್ಟಪಟ್ಟು ಒಬ್ಬಳೇ ಹೋಗಿ ತರಬೇಕು."

"ಅದಕ್ಕೇ ಮದುವೆಯಾ?"

ಮಾತಾಡಿದವರು ಅತ್ತೆ, ಬಹಳ ಮೃದುವಾಗಿ. "ನಿನ್ನನ್ನು ಚೆನ್ನಾಗಿ ನೋಡ್ಕೊಳ್ತೇವೆ ಮಗಾ. ಆ ಕೋಣೆಗೆ ಹೊಸ ಹಾಸಿಗೆ ಹಾಕಿಸಿದ್ದೇನೆ."

"ಯಾರಿಗೆ ಹೊಸ ಹಾಸಿಗೆ, ಅಮ್ಮ?"

ಜಗಲಿಯ ಕಂಬ ಹಿಡಿದು ಕುಶಲಾ ನಿಂತಿದ್ದಳು. ತನ್ನ ಕಾಲ ಮೇಲೆ ನಿಂತಿದ್ದಳು. ಕುಡಿಕೆ ಹೊಳೆ ದಾಟುತ್ತಿದ್ದಂತೆ ಅವಳ ಪಾದಕ್ಕೆ ಜೀವ ಬಂದಿತ್ತು. ಕೆನ್ನೆಗೆ ಬಣ್ಣ ಬಂದಿತ್ತು. ಆಗ ತಾನೇ ಹುಟ್ಟಿದ ಮಗುವಿನ ಉಗುರಿನಂತೆ ಅವಳ ಉಗುರುಗಳು ಗುಲಾಬಿಯಾಗಿದ್ದವು. ಅತ್ತೆ ಬಾಯಿ ಮುಚ್ಚಿಕೊಂಡು ಅಳತೊಡಗಿದರು. ಕುಶಲಾ ತಾಯಿಯನ್ನು ನೋಡಲಿಲ್ಲ. ಒಂದೊಂದೇ ಮೆಟ್ಟಿಲು ಇಳಿದು, ಅಂಗಳ ದಾಟಿ ಗೇಟಿನವರೆಗೂ ನಡೆದು ಬಂದಳು. ಎಷ್ಟೋ ವರ್ಷಗಳಲ್ಲಿ ಅವಳು ನಡೆದ ದೂರವೆಂದರೆ ಅದೊಂದೇ.

"ಎಲ್ಲ ಕೇಳಿದೆ," ಎಂದಳು ತಮ್ಮನಿಗೆ. "ನನ್ನ ಹೆಸರಲ್ಲಿ ಮಾಡಿದೆಯಲ್ಲ."

"ಅಕ್ಕಾ, ಒಳಗೆ ಹೋಗು. ಮುಟ್ಟಬೇಡ."

ಅವಳು ಸ್ನೇಹಲತಾಳ ಎದುರು ಬಂದು ನಿಂತು ಎರಡೂ ಅಂಗೈ ಚಾಚಿದಳು. "ಕೊಡು."

ಬೇಡ ಎಂಬ ಮಾತು ಸ್ನೇಹಲತಾಳ ಗಂಟಲವರೆಗೂ ಬಂತು. ಹೊರಗೆ ಬರಲಿಲ್ಲ.

"ನನಗೆ ಅಭ್ಯಾಸ ಉಂಟು," ಎಂದಳು ಕುಶಲಾ. "ನಿನಗೆ ಆಗ್ಲಿಕ್ಕಿಲ್ಲ."

ಆ ಬೆಚ್ಚಗಿನ ಅಂಗೈ ಕುಡಿಕೆಯ ತಳಕ್ಕೆ ತಾಗಿದ್ದೇ ಸ್ನೇಹಲತಾಳ ಬೆರಳುಗಳು ಮತ್ತೆ ಅವಳ ಮಾತಿಗೆ ಬಂದವು. ಒಂದು ಗಳಿಗೆ ಕುಡಿಕೆ ಇಬ್ಬರ ಕೈಯಲ್ಲೂ ಇತ್ತು. ಹಿಡಿತ ಬಿಗಿ ಮಾಡಬಹುದಿತ್ತು. ಆ ಗಳಿಗೆಯಲ್ಲಿ ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಬೆರಳು ಸಡಿಲಿಸಿದಳು.

"ಅಕ್ಕಾ," ಎಂದು ಚಿತ್ತರಂಜನ ಕೂಗುತ್ತ ಓಡಿಬಂದ. ಕಸಿದುಕೊಳ್ಳುವವನಂತೆ ಕೈ ನೀಡಿದ. ಕುಡಿಕೆಗೆ ಒಂದು ಗೇಣು ಇರುವಾಗ ಆ ಕೈಗಳು ತಾವಾಗಿ ನಿಂತುಬಿಟ್ಟವು. ಕುಶಲಾ ಅವುಗಳನ್ನೇ ನೋಡಿದಳು. ತಮ್ಮನ ಮುಖ ನೋಡಿದಳು. ಹಾಗೇ ಮಣ್ಣಿನ ಮೇಲೆ ಕುಸಿದು ಕುಳಿತಳು. ಉಗುರಿನ ಬುಡದಿಂದ ಕಪ್ಪು ಏರತೊಡಗಿತು. ಅಂಗಳದ ತುಂಬ ಸುಟ್ಟ ಕೂದಲಿನ ವಾಸನೆ ಹರಡಿತು.

ಸ್ನೇಹಲತಾ ಕಾರು ತಿರುಗಿಸಿದಳು. ಕಾಲು ಕ್ಲಚ್ಚು ತುಳಿದದ್ದು ತಿಳಿಯಿತು. ಕದ್ರಿಯ ಇಳಿಜಾರಿನಲ್ಲಿ ಮೂರನೇ ಗೇರು ಬಿತ್ತು. ಕುಡಿಕೆ ಹಿಡಿದಿದ್ದ ಅಂಗೈ ಮಾತ್ರ ಜೋಮು ಹಿಡಿದಂತಿತ್ತು. ಅದಕ್ಕೆ ಮತ್ತೆಂದೂ ಬಿಸಿ ತಂಪು ತಿಳಿಯಲಿಲ್ಲ. ಅವಳ ಹಿಂದೆ ಯಾರೂ ಓಡಿ ಬರಲಿಲ್ಲ, ಯಾರೂ ಹೆಸರು ಹಿಡಿದು ಕರೆಯಲಿಲ್ಲ.

ಆ ವರ್ಷದ ಮಳೆಗಾಲದ ಕೊನೆಗೆ ಕುಶಲಾ ತೀರಿಕೊಂಡ ಸುದ್ದಿ ಮಾಟುಂಗದ ಅಪ್ಪನ ಮನೆಗೆ ಬಂತು. ಕಡೆಯ ದಿನಗಳಲ್ಲಿ ಅವಳು ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳಂತೆ. ಭಾನುವಾರ ಬಂದರೆ ಕಾರಿನ ಸದ್ದಿಗೆ ಕಿವಿಗೊಡುತ್ತಿದ್ದಳಂತೆ.

ಗಂಡನ ಮನೆ ಯಾಕೆ ಬಿಟ್ಟೆ ಎಂದು ಅಪ್ಪ ಕೇಳಿದಾಗ ಸ್ನೇಹಲತಾ, ಚಿತ್ತರಂಜನ ಕೈ ಹಿಂದೆ ಎಳೆದುಕೊಂಡದ್ದನ್ನು ಹೇಳಿದಳು. ಕೇಳಿದವರಿಗೆಲ್ಲ ಅದನ್ನೇ ಹೇಳಿದಳು. ತಾನು ಕೈ ಬಿಟ್ಟದ್ದನ್ನು ಯಾರಿಗೂ ಹೇಳಲಿಲ್ಲ.